‘ಸೆಟಪ್’ ಎಂಬುದಕ್ಕೆ ‘ಸ್ಥಾಪನೆ’ ಸಾಕೆ, ‘ಹೂಡು’ ಸಲ್ಲುವುದೆ?

ಮಾನ್ಯರೆ,

ಮೈಸೂರಿನ ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿಯೇ ಗ್ರೆಪ್ (ಪಠ್ಯದಲ್ಲಿ ಹುಡುಕುವುದು), ಸಾರ್ಟ್ (ವಿಂಗಡಿಸುವುದು) ಮೊದಲಾದ, ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಸಲಕರಣೆಗಳನ್ನು ಬಳಸಿ ಕನ್ನಡ ಪಠ್ಯಗಳ ಪದಪಟ್ಟಿ ತಯಾರಿಸಿಕೊಳ್ಳಲು ನೆರವಾಗುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಇನ್‌ಸ್ಟಾಲ್’, ‘ಸೆಟಪ್’ ಎರಡಕ್ಕೂ ‘ಸ್ಥಾಪನೆ’ ಎಂದೇ ಬರೆದರೆ ಅರ್ಥ ಕೆಡುತ್ತದೆಂದು ನನಗೆ ತೋರುತ್ತದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ವಿಂಡೋಸಿನೊಳಗೇ ಲಿನಕ್ಸನ್ನು (ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆ) ನಡೆಸಲು ನೆರವಾಗುವ ಡಬ್ಲ್ಯೂಎಸ್‌ಎಲ್ ಎಂಬ ಸೌಲಭ್ಯವನ್ನು ಪಡೆಯಲು ಈಗ ಒಂದೇ ಆದೇಶ ಸಾಕು. 2020ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಅದರ ಎರಡನೆಯ ಆವೃತ್ತಿಯು ಲಿನಕ್ಸಿನ ತಿರುಳಾದ ಕರ್ನಲನ್ನೇ ಹಗುರವಾದ ವರ್ಚುವಲ್ ಯಂತ್ರವೊಂದರಲ್ಲಿ (ಕಂಪ್ಯೂಟರಿನೊಳಗಿನ ತೋರಿಕೆಯ ಕಂಪ್ಯೂಟರು) ನಡೆಸುತ್ತದೆ; ನಾವು ಬೇರೆಯದನ್ನು ಕೇಳದಿದ್ದರೆ ಉಬುಂಟು ಎಂಬ ಲಿನಕ್ಸ್ ಆವೃತ್ತಿ ಬಂದು ಕೂರುತ್ತದೆ. ಇಷ್ಟನ್ನು ‘ಸ್ಥಾಪನೆ’ ಎನ್ನಲು ಅಡ್ಡಿಯಿಲ್ಲ. ಆದರೆ ಆ ಮೇಲೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಡಬೇಕು, ಬೇಕಾದ ಪ್ಯಾಕೇಜುಗಳನ್ನು ತರಿಸಿಕೊಳ್ಳಬೇಕು, ಸಿ ಡ್ರೈವಿನ ಕಡತಗಳು ಲಿನಕ್ಸಿನ ಒಳಗೆ ಎಲ್ಲಿ ಸಿಗುತ್ತವೆಂದು ತಿಳಿದುಕೊಳ್ಳಬೇಕು. ಎಲ್ಲಕ್ಕಿಂತ ಕಾಡುವುದು ಸಾಲಿನ ಕೊನೆಯ ಗುರುತು. ವಿಂಡೋಸ್ ಪದ್ಧತಿಯಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಸಂಕೇತಗಳಿದ್ದರೆ ಯುನಿಕ್ಸಿನಲ್ಲಿ ಒಂದೇ ಇರುತ್ತದೆ. ಸಾಲಿಗೊಂದು ಪದವಿರುವ ಎರಡೂ ಬಗೆಯ ಕಡತಗಳನ್ನು ಕೂಡಿಸಿ, ವಿಂಗಡಿಸಿ, ಮರುಕಳಿಸಿದ್ದನ್ನು ತೆಗೆದ ಮೇಲೂ ‘ಮಂಡ್ಯ’ ಎಂಬ ಪದವು ಪಟ್ಟಿಯಲ್ಲಿ ಎರಡು ಸಲ ಉಳಿದುಬಿಡುತ್ತದೆ. ಇಂಥ ಹೊಂದಾಣಿಕೆಗಳೆಲ್ಲ ಸೇರಿದರೆ ‘ಸೆಟಪ್’. (ಯುನಿಕ್ಸ್ ಸಲಕರಣೆಗಳನ್ನು ವಿಂಡೋಸಿಗೆ ಒದಗಿಸುವ, 1995ರಲ್ಲಿ ಆರಂಭವಾದ ಸಿಗ್ವಿನ್ ಯೋಜನೆಯವರು ಸ್ಥಾಪನೆ ಮಾಡುವ ಕಡತಕ್ಕೇ ‘ಸೆಟಪ್’ ಎಂದು ಹೆಸರಿಟ್ಟಿರುವುದರಿಂದ, ಈ ಗೊಂದಲಕ್ಕೆ ಕನ್ನಡವನ್ನಷ್ಟೇ ದೂರುವಂತಿಲ್ಲ.)

ನನ್ನ ಒಲವು ‘ಹೂಡು’ ಎಂಬ ಕ್ರಿಯಾಪದದ ಕಡೆಗಿದೆ. ಮಂಡ್ಯದ ಕಡೆ ಗಾಡಿ ಹೂಡುತ್ತಾರೆ, ಆರು (ಎತ್ತು ಕಟ್ಟಿದ ನೇಗಿಲು) ಹೂಡುತ್ತಾರೆ. ಎತ್ತು, ನೊಗ, ನೇಗಿಲುಗಳು ಮೊದಲೇ ಇರುತ್ತವೆ, ಅವನ್ನು ಒಂದಕ್ಕೊಂದು ಕೂಡಿಸಿ ಕೆಲಸಕ್ಕೆ ಅಣಿ ಮಾಡುವುದೇ ಹೂಡುವುದು. ಬಿಡಾರ ಹೂಡುವುದು, ಒಲೆ ಹೂಡುವುದು, ಸಂಸಾರ ಹೂಡುವುದು ಎಂಬಲ್ಲಿಯೂ ಇದೇ ಭಾವವಿದೆ. ಆದ್ದರಿಂದ ‘ಉಬುಂಟು ಸ್ಥಾಪಿಸಿ, ಅನಂತರ ಕೆಲಸದ ಪರಿಸರವನ್ನು ಹೂಡಿಕೊಳ್ಳಿ’ ಎಂದು ಬರೆದರೆ ಎರಡು ಹಂತಗಳೂ ಬೇರೆ ಬೇರೆಯಾಗಿ ನಿಲ್ಲುತ್ತವೆ.

ತೊಡಕಿರುವುದು ನಾಮಪದದಲ್ಲಿ. ‘ಹೂಡಿಕೆ’ ಎಂದೊಡನೆ ಓದುಗರಿಗೆ ಷೇರುಪೇಟೆ ನೆನಪಾಗುತ್ತದೆ; ‘ಹೂಟ’ ಎಂದರೆ ಒಳಸಂಚೂ ಆಗುತ್ತದೆ. ‘ಅಣಿಗೊಳಿಸುವಿಕೆ’ ಅರ್ಥಕ್ಕೆ ಹತ್ತಿರವಾದರೂ ಅಧ್ಯಾಯದ ಶೀರ್ಷಿಕೆಗೇ ಭಾರವೆನಿಸುವ ಪದವನ್ನು ಪರದೆಯ ಮೇಲಿನ ಗುಂಡಿಯಲ್ಲಿ ತುರುಕುವುದು ಹೇಗೆ? ಕ್ರಿಯಾಪದವಾಗಿ ‘ಹೂಡು’ ಇಟ್ಟುಕೊಂಡು, ನಾಮಪದ ಬೇಕಾದಲ್ಲಿ ಎಲ್ಲರ ಬಾಯಲ್ಲಿರುವ ‘ಸೆಟಪ್’ ಎಂಬುದನ್ನೇ ಉಳಿಸಿಕೊಳ್ಳುವುದು ಸದ್ಯಕ್ಕೆ ನನಗೆ ಹೊಳೆದಿರುವ ದಾರಿ. ಹೀಗೆ ಎರಡು ಮೂಲದ ಪದಗಳನ್ನು ಒಂದೇ ಕೈಪಿಡಿಯಲ್ಲಿ ಬೆರೆಸುವುದು ಒಪ್ಪಿತವೆ? ‘ಹೂಡು’ ಧಾತುವಿನಿಂದ ಹಣದ ಅಥವಾ ಸಂಚಿನ ನೆರಳಿಲ್ಲದ ಬೇರೆ ನಾಮಪದವೇನಾದರೂ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.