ಸಹಾಯ ಬೇಕು: ನಡೆದೇ ಓಡಾಡುವಂಥ ಬಡಾವಣೆಯ ನಕ್ಷೆ

ಎಲ್ಲರಿಗೂ ನಮಸ್ಕಾರ. ಮನೆ, ಅಂಗಡಿ, ಕಚೇರಿ ಒಟ್ಟಿಗೇ ಇರುವ ಚಿಕ್ಕ ಬಡಾವಣೆಯ ನಕ್ಷೆ ಮಾಡುತ್ತಿದ್ದೇನೆ. ಯಾವ ಮನೆಯಿಂದಲೂ ದಿನಸಿ ಅಂಗಡಿ, ಬಸ್ ನಿಲ್ದಾಣ 400 ಮೀಟರ್ ಒಳಗಿರಬೇಕು, ಅಂದರೆ ಸುಮಾರು 5 ನಿಮಿಷದ ನಡಿಗೆ. ನಕ್ಷೆಯ ಮೇಲೆ ಅಂಗಡಿಯ ಸುತ್ತ ಸುಮ್ನೆ 400 ಮೀಟರ್ ವೃತ್ತ ಎಳೆದರೆ ಸಾಲದು, ಅಲ್ವಾ? ಉದ್ದುದ್ದ ಬ್ಲಾಕ್ (ಬೀದಿಗಳ ನಡುವಿನ ಕಟ್ಟಡಗಳ ಗುಂಪು) ಸುತ್ತಿ ಹೋಗುವಂತಿದ್ದರೆ ಅದೇ ದೂರ 600, 700 ಮೀಟರ್ ಆಗಿಬಿಡುತ್ತದೆ. ಅದಕ್ಕೇ ಬ್ಲಾಕ್‌ಗಳನ್ನು 100 ಮೀಟರ್ ಉದ್ದದೊಳಗಿಟ್ಟು, ನಡುನಡುವೆ ಕಾಲುದಾರಿ ಬಿಟ್ಟಿದ್ದೇನೆ.

ಬಗೆಹರಿಯದಿರುವುದು ನೆಲಮಹಡಿಯ ವಿಷಯ. ಎಲ್ಲ ಬೀದಿಗೂ ಅಂಗಡಿ ಕೊಟ್ಟರೆ ಗಿರಾಕಿಗಳು ಸಾಲದೆ ಎಷ್ಟೋ ಖಾಲಿ ಉಳಿಯುತ್ತವೆ. ಅಂಗಡಿಗಳನ್ನು ಒಂದೇ ಮುಖ್ಯ ಬೀದಿಗೆ ಸೇರಿಸಿ, ಮಿಕ್ಕ ಕಡೆ ಮುಂದೆ ಎಂದಾದರೂ ಅಂಗಡಿ ಮಾಡಿಕೊಳ್ಳಬಹುದಾದ ಎತ್ತರದ ಚಾವಣಿಯ ಕೋಣೆ ಇಟ್ಟರೆ ಹೇಗೆ? ಸರಕಿನ ಗಾಡಿ ಹಿಂದಿನ ಓಣಿಗೆ ಬಂದರೆ ಮೇಲಿನ ಮನೆಗಳಿಗೆ ಸದ್ದು ಜಾಸ್ತಿಯಾಗುತ್ತದಾ? ಇಂಥ ಕಡೆ ವಾಸವಿರುವವರು, ವಿನ್ಯಾಸ ಮಾಡಿದವರು ದಯವಿಟ್ಟು ತಿಳಿಸಿ.