ಅಪ್‌ಗ್ರೇಡ್ ಆದ ಮೇಲೆ ಪದೇ ಪದೇ ರೀಸ್ಟಾರ್ಟ್: ಮದರ್‌ಬೋರ್ಡ್ ತಗೊಳ್ಳೋ ಮುಂಚೆ

ದಾವಣಗೆರೆಯಿಂದ ಒಬ್ಬರು ಅಕ್ಕ ಕೇಳಿದ್ದಾರೆ: "ಮಗ ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದಾನೆ ಅಂತ ಮನೆಯ ಹಳೇ ಕಂಪ್ಯೂಟರ್‌ಗೆ ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆವು. ಅದೇ ದಿನ ವಿಂಡೋಸ್ 11 ಕೂಡ ಹಾಕಿಸಿದೆವು. ಈಗ ಅರ್ಧ ಗಂಟೆಗೊಮ್ಮೆ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ. ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಿಸಿ ಅಂತಾರೆ ಅಂಗಡಿಯವರು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ?"

ಅಕ್ಕಾ, ನಮ್ಮನೆಯಲ್ಲೂ ಹೀಗೇ ಆಗಿತ್ತು. ದಯವಿಟ್ಟು ಈಗಲೇ ಮದರ್‌ಬೋರ್ಡ್‌ಗೆ ದುಡ್ಡು ಹಾಕಬೇಡಿ. ಒಂದೇ ದಿನ ಮೂರು ಬದಲಾವಣೆ ಆಗಿದೆ. ಆ ಮೂರರಲ್ಲಿ ಯಾವುದು ಕಾರಣ ಅಂತ ಬಿಡಿಸಿ ನೋಡಬೇಕು. ಅದಕ್ಕೆ ಖರ್ಚಿಲ್ಲ, ಒಂದು ಭಾನುವಾರ ಸಾಕು.

ಎಲ್ಲಕ್ಕಿಂತ ಮೊದಲು ಫೋಟೋ, ಮಗನ ಕೆಲಸ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ಕಾಪಿ ಮಾಡಿ ಇಟ್ಟುಕೊಳ್ಳಿ. ಡಿಸ್ಕ್‌ಗೆ ಏನಾದರೂ ಬರೆಯುತ್ತಿರುವಾಗಲೇ ಕರೆಂಟ್ ಕಡಿದಂತೆ ಆದರೆ ಫೈಲ್‌ಗಳು ಕೆಡಬಹುದು.

ಆಮೇಲೆ ಒಂದನ್ನು ಗಮನವಿಟ್ಟು ನೋಡಿ: ಅದು ಹೇಗೆ ಆಫ್ ಆಗುತ್ತದೆ? ನೀಲಿ ಪರದೆ (ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಅದೇ ಕಪ್ಪಗಿರುತ್ತದೆ, ಮೇಲೆ ಬರಹ ಇರುತ್ತದೆ) ಬಂದು ಏನೋ ಬರೆದು ಆಮೇಲೆ ರೀಸ್ಟಾರ್ಟ್ ಆಗುತ್ತದಾ, ಅಥವಾ ಸ್ವಿಚ್ ತೆಗೆದ ಹಾಗೆ ಬರಹವೇ ಇಲ್ಲದೆ ಫಕ್ಕನೆ ಕಪ್ಪಾಗಿ ಮತ್ತೆ ಶುರುವಾಗುತ್ತದಾ? ನೀಲಿ ಪರದೆ ಕಣ್ಣಿಗೆ ಬೀಳದಷ್ಟು ಬೇಗ ಹೋಗಿಬಿಡಬಹುದು. ಅದಕ್ಕೆ ಸ್ಟಾರ್ಟ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್' ಅಂತ ಹುಡುಕಿ. ಅಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ' ಒಳಗೆ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿರುವ ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ, ಫೋಟೋ ತೆಗೆದುಕೊಳ್ಳಬಹುದು. ಬಂದರೆ ಡ್ರೈವರ್ (ಕಾರ್ಡ್‌ನಂಥ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಅಥವಾ ರ‍್ಯಾಮ್ ಮೇಲೆ ಅನುಮಾನ ಜಾಸ್ತಿ. ಏನೂ ಬರದೆ ಫಕ್ಕನೆ ಹೋದರೆ ಕರೆಂಟಿನ ಕಡೆ ನೋಡಿ. ಕೆಲವರು ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಕಂಡು ಗಾಬರಿಯಾಗುತ್ತಾರೆ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ಹೋಯಿತು ಅಂತಷ್ಟೇ ಅದರ ಅರ್ಥ. ಕಾರಣ ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್ ಪರದೆಯಾದ ಬಯೋಸ್‌ಗೆ ಹೋಗಿ, ಏನೂ ಬದಲಿಸದೆ ಒಂದು ಗಂಟೆ ಸುಮ್ನೆ ಬಿಟ್ಟುಬಿಡಿ. ಅಲ್ಲೂ ರೀಸ್ಟಾರ್ಟ್ ಆದರೆ ಅದು ವಿಂಡೋಸ್ ತಪ್ಪಲ್ಲ, ಯಾಕಂದ್ರೆ ಆಗ ವಿಂಡೋಸ್ ಶುರುವೇ ಆಗಿರುವುದಿಲ್ಲ. ಬಯೋಸ್‌ನಲ್ಲಿ ಪ್ರೊಸೆಸರ್ ಎಷ್ಟು ಬಿಸಿ ಅಂತಲೂ ಕಾಣುತ್ತದೆ. ಸುಮ್ಮನೆ ಕೂತಲ್ಲೇ 80, 90 ಡಿಗ್ರಿ ತೋರಿಸಿದರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಫ್ಯಾನ್ ತಿರುಗುತ್ತಿಲ್ಲ.

ನಮ್ಮನೆ ಕಥೆ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಬ್ರೌಸರ್, ಟೈಪಿಂಗ್ ಎಲ್ಲಾ ಚೆನ್ನಾಗಿತ್ತು. ಮಗಳು ಗೇಮ್ ತೆಗೆದ ಐದು ನಿಮಿಷಕ್ಕೆ ಫಕ್ಕನೆ ಕಪ್ಪು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದೆ, ಎರಡು ಸಲವೂ ಅದೇ. ಕೊನೆಗೆ ಕ್ಯಾಬಿನೆಟ್ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಕಾರ್ಡ್‌ಗೆ ಬೇಕಾದ ಆರು ಪಿನ್ನಿನ ವೈರ್, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿಯಾದ ನಮ್ಮ ಎಸ್‌ಎಂಪಿಎಸ್‌ನಲ್ಲಿ ಇರಲೇ ಇಲ್ಲ. ಹಳೇ ಹಾರ್ಡ್ ಡಿಸ್ಕ್‌ಗೆ ಹೋಗುವ ನಾಲ್ಕು ಪಿನ್ನಿನ ವೈರ್‌ಗೆ ಕನ್ವರ್ಟರ್ ಸಿಕ್ಕಿಸಿದ್ದರು. ಅದರ ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಚಹಾದ ಬಣ್ಣಕ್ಕೆ ತಿರುಗಿತ್ತು. ಎಸ್‌ಎಂಪಿಎಸ್ ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಸಾಲಿಗೆ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್ ಅಷ್ಟೇ. ಕಾರ್ಡ್, ಪ್ರೊಸೆಸರ್ ಎರಡೂ ಮುಖ್ಯವಾಗಿ ಎಳೆಯುವುದು ಈ ಸಾಲಿನಿಂದಲೇ. ಗ್ರಾಫಿಕ್ಸ್ ಕಾರ್ಡ್ ಒಂದೇ 120 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್ 65. ಫ್ಯಾನ್, ಡಿಸ್ಕ್‌ಗೆ ಉಳಿದದ್ದೇನು ಹೇಳಿ? ಒಳ್ಳೇ ಎಸ್‌ಎಂಪಿಎಸ್ ಹಾಕಿದ ದಿನದಿಂದ ಇವತ್ತಿನವರೆಗೆ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ನಿಮ್ಮದೂ ಇದೇ ಇರಬಹುದು ಅಂತ ನನ್ನ ಅನುಮಾನ. ಕಾರ್ಡ್ ಬಿಚ್ಚಿಟ್ಟು, ಮಾನಿಟರ್ ಕೇಬಲ್ ಮೊದಲಿನಂತೆ ಮದರ್‌ಬೋರ್ಡ್‌ಗೇ ಸಿಕ್ಕಿಸಿ ಒಂದು ದಿನ ಓಡಿಸಿ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ನಮ್ಮ ಭಾವನವರ ಕಂಪ್ಯೂಟರ್‌ದು ರ‍್ಯಾಮ್ ತೊಂದರೆ. ಹಳೇದರ ವೇಗ 2400, ಹೊಸದರದು 3200, ಕಂಪನಿಯೂ ಬೇರೆ. ಹೀಗೆ ಬೆರೆಸಿದರೂ ಎಷ್ಟೋ ಕಡೆ ನಡೆಯುತ್ತದೆ, ಅವರಲ್ಲಿ ನಡೆಯಲಿಲ್ಲ. ಒಂದೊಂದೇ ಹಾಕಿ ನೋಡಿದಾಗ ಸರಿ, ಎರಡೂ ಹಾಕಿದರೆ ನೀಲಿ ಪರದೆ. ನೀವೂ ಒಂದೊಂದೇ ಹಾಕಿ ನೋಡಿ. ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಕೂರಿಸುವಾಗ ಕ್ಲಿಪ್ ಟಕ್ ಅಂತ ಶಬ್ದ ಬರಬೇಕು. ಬರದಿದ್ದರೆ ಪೂರ್ತಿ ಕೂತಿಲ್ಲ ಅಂತಲೇ.

ಯುಪಿಎಸ್ ಮರೆಯಬೇಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ, ಅಂದರೆ ಸುಮಾರು 360 ವ್ಯಾಟ್. ಕಾರ್ಡ್ ಹಾಕಿದ ಮೇಲೆ ಭಾರ ಜಾಸ್ತಿ ಆಗಿದೆ, ಬ್ಯಾಟರಿಯೂ ಹಳೇದಾಗಿರಬಹುದು. ಹಾಗಿದ್ದರೆ ಲೈಟ್ ಒಂದು ಕ್ಷಣ ಮಂಕಾದರೂ ಕಂಪ್ಯೂಟರ್ ಹೋಗುತ್ತದೆ. ಪಕ್ಕದ ಮನೆ ಬೋರ್‌ವೆಲ್ ಮೋಟರ್ ಶುರುವಾದಾಗಲೇ ರೀಸ್ಟಾರ್ಟ್ ಆಗುತ್ತದಾ ಅಂತ ಗಮನಿಸಿ. ಮನೆಗೆ ಇನ್‌ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ, ಅದರಲ್ಲಿಡಿ.

ವಿಂಡೋಸ್ ಬಗ್ಗೆ: ಹಳೇದರ ಮೇಲೇ ಅಪ್‌ಗ್ರೇಡ್ ಮಾಡಿ 10 ದಿನ ಆಗಿಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ರಿಕವರಿ, ಗೋ ಬ್ಯಾಕ್ ಒತ್ತಿ ಹಿಂದಕ್ಕೆ ಹೋಗಬಹುದು. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಇದು ಪರೀಕ್ಷೆಗೆ ಮಾತ್ರ. ಬಯೋಸ್‌ನಲ್ಲಿ ಏನಾದರೂ ಬದಲಿಸುವುದಿದ್ದರೆ ಮೊದಲು ಬಿಟ್‌ಲಾಕರ್‌ನ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದನ್ನು ಕೇಳಿದಾಗ ಕೈಯಲ್ಲಿಲ್ಲದಿದ್ದರೆ ಫೈಲ್‌ಗಳು ಸಿಗುವುದಿಲ್ಲ.

ಪರಿಚಯದ ಒಬ್ಬರಿಗೆ ಇದ್ಯಾವುದೂ ಅಲ್ಲ, ಕ್ಯಾಬಿನೆಟ್ಟಿನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡಿತ್ತು. ಅದರ ವೈರ್ ಬಿಚ್ಚಿದರು, ಸರಿಹೋಯಿತು. ಅದನ್ನೂ ಒಂದು ಸಲ ನೋಡಿಬಿಡಿ.

ಭಾನುವಾರ ನೋಡಿ ಆದ ಮೇಲೆ ಎಸ್‌ಎಂಪಿಎಸ್ ಪಟ್ಟಿಯ ಫೋಟೋ, ಗ್ರಾಫಿಕ್ಸ್ ಕಾರ್ಡ್ ಹೆಸರು, ನೀಲಿ ಪರದೆ ಬಂತೋ ಇಲ್ಲವೋ, ಇಷ್ಟು ತಿಳಿಸಿ ಅಕ್ಕಾ. ಕೂತು ಲೆಕ್ಕ ಹಾಕಿ ಹೇಳುತ್ತೇನೆ.