ಪದ ಬೇಕು: ‘ಡುಪ್ಲಿಕೇಟ್’ ದೂರಿಗೆ ಕನ್ನಡದಲ್ಲಿ ಏನನ್ನೋಣ? (ಅವಸರ)

ಶಿರಸಿಯಿಂದ:

ನಮಸ್ಕಾರ. ವಾಹನ ಮಾಲಕರು ತಮ್ಮ ಗಾಡಿಯ ದೋಷಗಳ ಬಗ್ಗೆ ಬರೆದು ಕಳಿಸುವ ದೂರುಗಳನ್ನು ಓದಿ, ವಿಂಗಡಿಸಿ, ಜಾಲತಾಣಕ್ಕೆ ಬಿಡುವುದು ನನ್ನ ಕೆಲಸ. ಈಗ ಕನ್ನಡದಲ್ಲೂ ದೂರು ತೆಗೆದುಕೊಳ್ಳಲು ಹೊರಟಿದ್ದಾರೆ. ಬ್ರೇಕು, ಸ್ಟೇರಿಂಗು, ಎಂಜಿನ್ನುಗಳದ್ದು ತಂಟೆಯಿಲ್ಲ, ಹಾಗೇ ಇಡುತ್ತೇನೆ. ತೊಡಕಿರುವುದು ನಾವು ಒತ್ತುವ ಬಟನ್‌ಗಳ ಹೆಸರಿನಲ್ಲಿ.

‘ಡುಪ್ಲಿಕೇಟ್’ ಎಂದರೆ ನಮ್ಮ ಕಡೆ ಖೋಟಾ ಮಾಲು ಅಂತಲೇ ಅರ್ಥ. ‘ನಿಮ್ಮದು ಡುಪ್ಲಿಕೇಟ್ ದೂರು’ ಅಂತ ಪರದೆಯ ಮೇಲೆ ಕಂಡರೆ ಬರೆದವರು ಜಗಳಕ್ಕೇ ಬಂದಾರು. ‘ನಕಲು’ ಅದಕ್ಕಿಂತ ಕಡೆ. ನನಗೆ ಬೇಕಾದದ್ದು ಎರಡು ಪದ. ಅದೇ ಮನುಷ್ಯ ಅದೇ ಗಾಡಿಯ ಅದೇ ತೊಂದರೆಯನ್ನು ಎರಡನೇ ಸಲ ಕಳಿಸಿದ್ದಕ್ಕೆ ಒಂದು, ಇದನ್ನು ತೆಗೆದುಹಾಕುತ್ತೇವೆ. ಬೇರೆ ಬೇರೆ ಮಾಲಕರು ಒಂದೇ ಮಾದರಿಯ ಗಾಡಿಗೆ ಒಂದೇ ದೋಷ ಹೇಳಿದ್ದಕ್ಕೆ ಇನ್ನೊಂದು. ಇದನ್ನು ತೆಗೆಯಲೇಬಾರದು, ಎಣಿಸಬೇಕು. ನಾಳೆ ಸಂಜೆಯೊಳಗೆ ಕೊಡಬೇಕು, ದಯವಿಟ್ಟು.

ಕುಮಟಾದಿಂದ:

> ದೂರು

ಮೊದಲು ಈ ಪದವೇ ಸರಿಯಿಲ್ಲ ತಂಗೀ. ಇದು ಹಳಗನ್ನಡದ ‘ದೂಱು’. ಅರ್ಥ ನಿಂದೆ, ಹಳಿಯುವುದು. ಬ್ರೇಕ್ ಕೆಟ್ಟಿದೆ ಎನ್ನುವುದು ನಿಂದೆ ಹೇಗಾದೀತು? ನಮ್ಮ ಜಿಲ್ಲೆಯ ಮಾತು ‘ತಕರಾರು’. 1862ರಿಂದ 1956ರವರೆಗೆ ಮುಂಬಯಿ ಸೀಮೆಯಲ್ಲಿ ಇದ್ದವರು ನಾವು, ಮರಾಠಿಯ ‘ತಕ್ರಾರ’ ನಮಗೆ ಹೊರಗಿನದಲ್ಲ. ಇನ್ನು ಅರಬ್ಬಿ ಮೂಲದಲ್ಲಿ ‘ತಕ್ರಾರ್’ ಎಂದರೇನು ಗೊತ್ತೇ? ಪುನರಾವರ್ತನೆ! ಹೇಳಿದ್ದನ್ನೇ ಮತ್ತೆ ಹೇಳುವುದು. ನೀವು ಹುಡುಕುತ್ತಿರುವ ಪದ ಮನೆಯೊಳಗೇ ಬಿದ್ದಿದೆ. ಮೊದಲ ಸಲ ಕೊಟ್ಟದ್ದು ಅಹವಾಲು, ಎರಡನೇ ಸಲ ಕೊಟ್ಟದ್ದು ತಕರಾರು. ಮುಗಿಯಿತು.

ಸಿದ್ದಾಪುರದಿಂದ:

ಅರಬ್ಬಿ ಬೇರಿನ ಒರೆಗೆ ಇಶ್ಟು ಸಡಗರವೇ? ಮೊದಲನೆಯದು ‘ಮರುದೂರು’, ಎರಡನೆಯದು ‘ಓರಗೆ ದೂರು’. ವಾಹನ ಅಲ್ಲ, ಬಂಡಿ. ಜಾಲತಾಣ ಅಲ್ಲ, ಮಿಂದಾಣ.

ಹೊನ್ನಾವರದಿಂದ:

ನಾನು ವ್ಯಾಕರಣದವನಲ್ಲ, ಗ್ಯಾರೇಜಿನವನು. ಇಲ್ಲಿ ಓದಿಕೊಂಡು ಸುಮ್ಮನಿರುವುದೇ ಹೆಚ್ಚು. ಆದರೆ ‘ಮರುದೂರು’ ಅಂದರೆ ನನ್ನ ಗಿರಾಕಿಗಳಿಗೆ ತಿಳಿಯುವುದೇ ಬೇರೆ: ರಿಪೇರಿ ಮಾಡಿಸಿ ಒಯ್ದ ಮೇಲೆ ಅದೇ ತೊಂದರೆ ಮತ್ತೆ ಬಂತು ಅಂತ. ಅದು ಮೂರನೇ ಜಾತಿ. ಎರಡನೇ ಸಲ ಬಂದದ್ದೆಂದು ಅದನ್ನು ಕಿತ್ತುಹಾಕಿದರೆ ಅಸಲು ಸಂಗತಿಯೇ ಹೋಯಿತು, ಬದಲಿಸಿ ಕೊಟ್ಟ ಪಾರ್ಟೂ ಬಾಳಿಕೆ ಬರುತ್ತಿಲ್ಲ ಎನ್ನುವುದು.

ಪದಕ್ಕಿಂತ ಮೊದಲು ‘ಹಿಡಿ’ಯನ್ನು ನೋಡಿಕೊಳ್ಳಿ ಮೇಡಂ. ‘ಬ್ರೇಕ್ ಹಿಡೀತಿಲ್ಲ’ ಅಂದರೆ ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದರೂ ಬಿಡುತ್ತಿಲ್ಲ, ಚಕ್ರ ಕಾಯುತ್ತಿದೆ. ವಿಭಾಗ ಒಂದೇ, ದೋಷ ತದ್ವಿರುದ್ಧ. ಇನ್ನು ದೇವಿಮನೆ ಘಟ್ಟ ಇಳಿದವರು ‘ಪೆಡಲ್ ಒಳಗೆ ಹೋಯ್ತು’ ಅಂತ ಬರೆದರೆ ಅದು ಮತ್ತೊಂದು. ಬ್ರೇಕ್ ಆಯಿಲ್ ಹಳತಾದಂತೆ ತೇವ ಹೀರಿಕೊಂಡಿರುತ್ತದೆ. ಗೇರ್ ಇಳಿಸದೆ ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಅದು ಕಾದು ಕುದಿಯುತ್ತದೆ, ಒಳಗೆ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ತಣಿದ ಮೇಲೆ ಗ್ಯಾರೇಜಿಗೆ ತಂದು ತೋರಿಸಿದರೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಅಂಥದ್ದನ್ನು ‘ಸುಳ್ಳು’ ಅಂತ ಹಾಕಬೇಡಿ.

ಕಾರವಾರದಿಂದ:

> ಮಿಂದಾಣ

ಗೋಕರ್ಣದ ಕೋಟಿತೀರ್ಥವೋ ಅಂದುಕೊಂಡೆ.

ಕುಮಟಾದ ಮಾಸ್ತರರಿಗೆ: ಅರಬ್ಬಿಯಲ್ಲಿ ಏನಾದರೂ ಇರಲಿ, ‘ನನ್ನದೇನೂ ತಕರಾರಿಲ್ಲ’ ಎನ್ನುವವನು ‘ನಾನು ಹೇಳಿದ್ದನ್ನೇ ಹೇಳುವುದಿಲ್ಲ’ ಎನ್ನುತ್ತಿಲ್ಲ. ಕಂದಾಯ ಕಚೇರಿಯಲ್ಲಿ ‘ತಕರಾರು ಅರ್ಜಿ’ ಎಂದರೆ ಆಕ್ಷೇಪಣೆ, ಅದಕ್ಕೊಬ್ಬ ಎದುರುದಾರ ಬೇಕು. ಬೇರು ಅಗೆದೇ ಅರ್ಥ ಹೇಳುವುದಾದರೆ ನಿಮ್ಮ ‘ಅಹವಾಲು’ ಬರೀ ‘ಸ್ಥಿತಿಗತಿಗಳು’. ‘ದೂರು’ ನಿಂದೆಯಾಗಿದ್ದ ಕಾಲ ಹೋಯಿತು. ‘ಱ’ ಜೊತೆಗೇ ಹೋಯಿತು.

ಎರಡನೇ ಪದದ ಬಗ್ಗೆ ಮಾತ್ರ ಜಾಗ್ರತೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನ ಪ್ರಕಾರ, ಅಪಾಯ ತರುವ ಒಂದೇ ದೋಷವನ್ನು ನಿಗದಿತ ಶೇಕಡಾವಾರು ಮಾಲಕರು ತಿಳಿಸಿದರೆ ಆ ಮಾದರಿಯ ಗಾಡಿಗಳನ್ನು ವಾಪಸ್ ಕರೆಸಿಕೊಳ್ಳುವಂತೆ ತಯಾರಕರಿಗೆ ಕೇಂದ್ರ ಸರ್ಕಾರ ಆದೇಶಿಸಬಹುದು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಎಣಿಕೆಗೇ ಅಷ್ಟು ಬೆಲೆ ಇರುವಾಗ ‘ಮರು’, ‘ಪುನಃ’ ಇವೆಲ್ಲ ಆ ಬಟನ್ನಿನ ಹತ್ತಿರವೂ ಸುಳಿಯಬಾರದು. ‘ಸಮಾನ ದೋಷ’ ಅನ್ನಿ, ಸಾಕು.

ಕುಮಟಾದಿಂದ:

‘ಸಮಾನ’ ಸಂಸ್ಕೃತ, ‘ದೋಷ’ ಸಂಸ್ಕೃತ. ಅದು ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ, ಅರಬ್ಬಿ ಬಂದರೆ ಮಾತ್ರ ಮೂಗು ಮುರಿಯುವುದು. ವಕೀಲ, ಅರ್ಜಿ, ರೈತ ಇವನ್ನೆಲ್ಲ ವಾಪಸ್ ಕಳಿಸಿ ಆಮೇಲೆ ಬನ್ನಿ.

ಸಿದ್ದಾಪುರದಿಂದ:

ಸಂಸ್ಕ್ರುತವೂ ಬೇಡ ಎಂದೇ ನಾನು ಹೇಳುತ್ತಿರುವುದು. ಓದಿ ಬರೆಯಿರಿ.

ಕುಮಟಾದಿಂದ:

ಓದಿದೆ. ‘ಸಂಸ್ಕೃತ’ದ ಕಾಗುಣಿತ ಕಂಡು ಅಲ್ಲೇ ನಿಂತೆ.

ಶಿರಸಿಯಿಂದ:

ಮಾಸ್ತರರೇ, ನಿಮ್ಮ ‘ತಕರಾರು’ ಓದಲು ಚಂದವಿದೆ, ಆದರೆ ಗಂಗಾವತಿಯಲ್ಲೋ ಚಾಮರಾಜನಗರದಲ್ಲೋ ಕುಳಿತು ಮೊಬೈಲಿನಲ್ಲಿ ನೋಡುವವರಿಗೆ ನಾನು ಅರಬ್ಬಿ ಹೇಳಿಕೊಡಲಿಕ್ಕಾಗುವುದಿಲ್ಲ. ‘ಓರಗೆ ದೂರು’ ಕಿವಿಗೆ ಹಿತವಾಗಿದೆ, ಕಚೇರಿಯಲ್ಲಿ ಒಪ್ಪುವುದಿಲ್ಲ.

ಗ್ಯಾರೇಜಿನವರು ಹೇಳಿದ ಮೂರನೇ ಜಾತಿ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಮೂರನ್ನೂ ಒಂದರಲ್ಲೇ ಹಾಕುವುದೆಂದರೆ ಚಾಲಿ ಅಡಿಕೆಯ ರಾಶಿಗೆ ಬೆಟ್ಟೆ, ಕೋಕಾ ಎಲ್ಲ ಬೆರೆಸಿ ಟೆಂಡರಿಗೆ ಇಟ್ಟ ಹಾಗೆ. ಹಾಗಾಗಿ ನಾಮಪದದ ಹಟ ಬಿಟ್ಟು ಹೀಗೆ ಕಳಿಸುತ್ತಿದ್ದೇನೆ: ‘ಈ ಮೊದಲೇ ಕಳಿಸಿದ್ದು’, ‘ರಿಪೇರಿ ನಂತರವೂ ಇದೆ’, ‘ಇದೇ ದೋಷ, ಬೇರೆ ಗಾಡಿ’. ಮೊದಲನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಹಿಡಿಯುವುದು ಚಾಸಿ ನಂಬರಿನಿಂದ. 17 ಅಕ್ಷರ-ಅಂಕಿಗಳಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ, ಒಂದು-ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು. ಜನ ಮಾತ್ರ ಸೊನ್ನೆಯ ಬದಲು ಓ ಒತ್ತಿಯೇ ಕಳಿಸುತ್ತಾರೆ. ಯಂತ್ರ ಅದನ್ನು ಬೇರೆ ಗಾಡಿ ಅಂದುಕೊಳ್ಳುತ್ತದೆ, ನಾವು ಕೂತು ತಾಳೆ ನೋಡಬೇಕು. ‘ಹಿಡೀತಿಲ್ಲ / ಹಿಡ್ಕೊಂಡಿದೆ’ ಎರಡನ್ನೂ ಬ್ರೇಕಿನ ಕೆಳಗೆ ಉಪವಿಭಾಗವಾಗಿ ಹಾಕಿದೆ, ಅದೇ ಮಾತಿನಲ್ಲಿ.

ರೀಕಾಲ್ ಅನ್ನು ‘ವಾಪಸ್ ಕರೆಸುವಿಕೆ’ ಅನ್ನಲೋ, ರೀಕಾಲ್ ಅಂತಲೇ ಇಡಲೋ? ಆ ಬಟನ್ ಒಂದು ಬಾಕಿ.

ಕಾರವಾರದಿಂದ:

ರೀಕಾಲ್. ಪೇಪರಿನವರು ‘ಹಿಂಪಡೆ’ ಅನ್ನುತ್ತಾರೆ, ಅದು ಓದುವವರಿಗೆ ನಾಮಪತ್ರ ವಾಪಸ್ ತೆಗೆದಂತೆ ಕೇಳುತ್ತದೆ.

ಸಿದ್ದಾಪುರದಿಂದ:

ಬಟನ್ ಅಲ್ಲ, ಗುಂಡಿ.

ಹೊನ್ನಾವರದಿಂದ:

ಮಳೆಗಾಲದಲ್ಲಿ ‘ಗುಂಡಿ’ ಅಂತ ಹಾಕಿದರೆ ಹೆದ್ದಾರಿ 66ರ ದೂರೂ ನಿಮಗೇ ಬರುತ್ತವೆ ಮೇಡಂ.

ಕುಮಟಾದಿಂದ:

‘ಗುಂಡಿ’ಗೆ ಬೇರೆ ಎಳೆ ಶುರು ಮಾಡಿ. ಅದರ ಬಗ್ಗೆ ನನಗೆ ಹೇಳುವುದಿದೆ.